ನಡುಗೋಡೆಯ ತೂತು

ಎಲೆಕ್ಟ್ರಿಕಲ್ ಅಂಗಡಿಯ ಬಿಲ್ ಸಾಲಿನಲ್ಲಿ, ಬಲ್ಬು ಕೊಳ್ಳಲು ಬಂದಿದ್ದ ದರ್ಜಿಯೊಬ್ಬನ ಮುಂದೆ ಇಬ್ಬರು ವಾರಗಿತ್ತಿಯರು ನಿಂತಿದ್ದರು. ಹಿರಿಯಳ ಕೈಯಲ್ಲಿ ಕೇಬಲ್ ಸುರುಳಿ, ಕಿರಿಯಳ ಕೈಯಲ್ಲಿ ಸೆಟ್‌ಟಾಪ್ ಬಾಕ್ಸ್.

“ಇದ್ಯಾಕೆ ತಗೊಂಡೆ? ನಡುಗೋಡೆಗೆ ತೂತು ಕೊರೆದು ನಮ್ಮ ಬಾಕ್ಸಿಂದಲೇ ನಿಮ್ಮನೆ ಟಿವಿಗೂ ವೈರ್ ಎಳೆದ್ರಾಯ್ತು.”

“ಆ ಗೋಡೆ ಎದ್ದಾಗಿಂದ ಅಣ್ಣ ತಮ್ಮ ಎಣ್ಣೆ ಸೀಗೆಕಾಯಿ, ಮಾತೇ ಇಲ್ಲ. ತೂತಿಗೆ ಭಾವ ಒಪ್ಪಿದ್ರಾ ಅಕ್ಕಾ?”

“ಪೇಪರಿಂದ ತಲೆ ಎತ್ತದೆ ಹೂಂ ಅಂದ್ರು. ಅಷ್ಟು ಸಾಕು.”

“ಒಂದೇ ಬಾಕ್ಸಾದ್ರೆ ಎರಡೂ ಕಡೆ ಒಂದೇ ಚಾನೆಲ್ ಬರುತ್ತೆ. ಇವ್ರಿಗೆ ಬೇರೆ ಬೇಕನ್ನಿಸಿದ್ರೆ?”

“ರಿಮೋಟು ನಿಮ್ಮ ಭಾವನ ಕೈಲಿರುತ್ತೆ. ‘ಅಣ್ಣಾ, ಚಾನೆಲ್ ಬದಲಾಯಿಸು’ ಅಂತ ಕೂಗ್ಲಿ. ಬಾಯೇನು ಸವೆಯಲ್ಲ.”

ಕಿರಿಯಳು ಬಾಕ್ಸನ್ನು ಕಪಾಟಿಗೆ ವಾಪಸ್ಸಿಟ್ಟು ಬಂದಳು. ದರ್ಜಿ ಏನೂ ಕೇಳಿಸದವನಂತೆ ದಾರಿ ಬಿಟ್ಟ.

ಸುರುಳಿಗೆ ದುಡ್ಡು ಕೊಟ್ಟು ಬಾಗಿಲು ದಾಟುವಾಗ ಕಿರಿಯಳೇ ಅಂದಳು:

“ಅಕ್ಕಾ, ತೂತು ಸ್ವಲ್ಪ ದೊಡ್ಡದೇ ಕೊರೆಸೋಣ. ಕೂಗಿದ್ದು ಸರಿಯಾಗಿ ಕೇಳ್ಲಿ.”