ಎವಾರಿಸ್ತೋ ಬರೆಯದ ಹನ್ನೆರಡು ದಿನ

…ಹತ್ತು ಗಂಟೆಯ ಬಸ್ಸು ಹಿಡಿದರೂ ಲಾ ಪಲೋಮಾ ಮುಟ್ಟೋದು ಮಧ್ಯಾಹ್ನ ಎರಡಕ್ಕೆ, ಮಿರ್ತಾ. ಇಳಿದು ಯಾರನ್ನ ಕೇಳ್ತೀಯ? ಇಂಟರ್ನೆಟ್ಟಿನಲ್ಲಿ ದಿನಾ ಮೂರು ಸಾಲು ಬರೀತಿದ್ದ ಮುದುಕ ಎಲ್ಲಿ ಅಂತಲಾ? ಅವನ ಮನೆ ಗೊತ್ತಿಲ್ಲ, ಮುಖ ಗೊತ್ತಿಲ್ಲ. ಎವಾರಿಸ್ತೋ ಅನ್ನೋ ಹೆಸರೊಂದು. ಬೆಳಿಗ್ಗೆ ಸಮುದ್ರದ ದಂಡೆಗೆ ಏನು ಬಂದು ಬಿದ್ದಿತ್ತು ಅನ್ನೋ ವರದಿಯೊಂದು. ಹನ್ನೆರಡು ದಿನದಿಂದ ಬರೆದಿಲ್ಲ, ಏನಾಯ್ತೋ ಏನೋ ಅಂತ ಗಂಡನ ಎದುರಿಗೇ ಕೋಟು ಹಾಕ್ಕೊಂಡು ನಿಂತಿದ್ದೀಯ. ನಾನು ಆಸ್ಪತ್ರೆ ಸೇರಿದಾಗಲೂ ನೀನು ಬಂದೆ, ನಿಜ. ಆದರೆ ಅವತ್ತು ತಲೆ ಬಾಚ್ಕೊಂಡು ಬಂದೆ, ಇವತ್ತು ಅದೂ ಇಲ್ಲ.

ಯಾಕೆ ನಗ್ತೀಯ? ನಾನೇನು ತಮಾಷೆ ಮಾಡ್ತಿಲ್ಲ.

ಕೂತ್ಕೋ, ಇನ್ನೊಂದು ಬುರುಡೆ ಮಾಟೆ ಸೊಪ್ಪಿನ ಕಷಾಯ ಹಾಕಿಕೊಡ್ತೀನಿ… ಹೌದು, ಮೊದಲನೆಯದಕ್ಕೇ ನೀನು ಥ್ಯಾಂಕ್ಸ್ ಅಂದು ಸೋರೆಬುರುಡೆ ವಾಪಸ್ ಕೊಟ್ಟೆ, ಇನ್ನು ಬೇಡ ಅಂತ. ಮೂವತ್ತೊಂದು ವರ್ಷದಲ್ಲಿ ಫ್ಲಾಸ್ಕಿನ ನೀರು ಖಾಲಿಯಾಗೋ ಮೊದಲು ನೀನು ಥ್ಯಾಂಕ್ಸ್ ಅಂದದ್ದು ನನಗೆ ನೆನಪಿಲ್ಲ.

ನೀನು ಓದೋ ಈ ವ್ಯವಸ್ಥೆಯನ್ನೆಲ್ಲ ಮಾಡಿಕೊಟ್ಟವನು ನಾನು. ಆಗ ಹೇಗಿದ್ದೆ ನೀನು, ಹೇಳು? ಫೋನು ಹಿಡಿದು ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾ ತಳ್ಳುತ್ತಾ… ಯಾರದೋ ಮದುವೆ, ಯಾರದೋ ಜಗಳ, ನೀನು ಕೇಳದ ಚಪ್ಪಲಿಯ ಜಾಹೀರಾತು. ತಲೆಯೊಳಗೆ ಸಂತೆ ನೆರೆದ ಹಾಗಾಗುತ್ತೆ ಅಂತ ನೀನೇ ಅಳ್ತಿದ್ದೆ. ನಾನು ಎರಡು ತಿಂಗಳು ಕೂತು ಆರು ಸಾಫ್ಟ್‌ವೇರ್ ಪರೀಕ್ಷೆ ಮಾಡಿದೆ. ಒಂದು ನೋಡೋಕೆ ಅಂದವಾಗಿತ್ತು, ಆದರೆ 'ನಿಮಗೆ ಇದೂ ಇಷ್ಟವಾಗಬಹುದು' ಅಂತ ಮಧ್ಯೆ ಮಧ್ಯೆ ಮೂಗು ತೂರಿಸ್ತಿತ್ತು. ಬೇಡ. ಇನ್ನೊಂದು ನೀನು ಓದೋದನ್ನೆಲ್ಲ ಎಲ್ಲಿಗೋ ವರದಿ ಒಪ್ಪಿಸ್ತಿತ್ತು. ಅದೂ ಬೇಡ. ಕೊನೆಗೆ ಈ ರೀಡರ್. ನೀನು ಆರಿಸಿದ ತಾಣಗಳ ಹೊಸ ಬರಹ ಮಾತ್ರ ತಂದು ಪಟ್ಟಿ ಮಾಡುತ್ತೆ, ಬರೆದ ಹೊತ್ತಿನ ಕ್ರಮದಲ್ಲಿ. ಓದಿ ಮುಗಿದರೆ ಮುಗೀತು. ಹೊರಗಿನವರ ಕೈ ತಾಗದ ಹಾಗೆ ನಮ್ಮ ಬೀರುವಿನ ಹಳೇ ಕಂಪ್ಯೂಟರಿನಲ್ಲೇ ಇಟ್ಟೆ. ಅವತ್ತು ನಿನಗೆ ಹೇಳಿದ್ದೆ, "ನೀನು ಏನು ನೋಡಬೇಕು ಅಂತ ಇನ್ನು ಮೇಲೆ ಬೇರೆ ಯಾರೂ ತೀರ್ಮಾನ ಮಾಡಲ್ಲ."

ಹುಬ್ಬು ಯಾಕೆ ಏರಿಸ್ತೀಯ? ಹೇಳಿದ್ದೆನೋ ಇಲ್ಲವೋ?

ನೀನು ಹನ್ನೊಂದು ಆರಿಸಿದೆ. ಗ್ರಂಥಾಲಯದ್ದು, ನಿನ್ನ ತಂಗಿಯ ಹೊಲಿಗೆಯದ್ದು, ಹವಾಮಾನದ್ದು… ಆಮೇಲೆ ಈ ಎವಾರಿಸ್ತೋ. ಐದು ವರ್ಷದಿಂದ ನಾನೂ ನನ್ನದೇ ತಾಣದಲ್ಲಿ ಬರೀತೀನಲ್ಲ, ಮಿರ್ತಾ. ಇಂಥ ಸಾಧನಗಳ ಬಗ್ಗೆಯೇ, ನೂರ ನಲವತ್ತು ಲೇಖನ. ಜೀವಮಾನವೆಲ್ಲ ಮಕ್ಕಳ ಉತ್ತರಪತ್ರಿಕೆ ತಿದ್ದಿದವನು, ಒಂದಕ್ಷರ ತಪ್ಪಿಲ್ಲ. ನಿನ್ನ ಹನ್ನೊಂದರಲ್ಲಿ ಅದಿಲ್ಲ. ಯಾಕೆ ಅಂತ ಕೇಳಿದರೆ, ಊಟದ ಹೊತ್ತಿಗೆ ಅದನ್ನೇ ಹೇಳ್ತೀಯಲ್ಲ, ಮತ್ತೆ ಓದೋದು ಏನಿದೆ ಅಂದೆ ನೀನು. ಸರಿ. ಅವನೇನು ಬರೀತಾನೆ? 'ಹಸಿರು ಬಾಟಲಿ ಒಂದು. ಎಡಗಾಲಿನ ಬೂಟು ಒಂದು. ಗಾಳಿ ದಕ್ಷಿಣದಿಂದ.' ಇಷ್ಟೇ. ಇಷ್ಟನ್ನ ಓದಿ ನೀನು ಕಿಟಕಿ ಕಡೆ ತಿರುಗಿ ಕೂತರೆ, ನಾನು ಉಪ್ಪು ಕೊಡು ಅಂದರೂ ಕೇಳಿಸಲ್ಲ. ಹಳೇ ಫೋನಿನಲ್ಲಾದರೆ ಯಂತ್ರ ತಂದು ಸುರೀತು ಅಂತ ಯಂತ್ರವನ್ನ ಬೈಯಬಹುದಿತ್ತು. ಇವನನ್ನ ನೀನೇ ಹುಡುಕಿ ತಂದೆ.

ಹೊಟ್ಟೆಕಿಚ್ಚು ಅನ್ಕೋಬೇಡ. ಎಂಬತ್ತರ ಮುದುಕನ ಮೇಲೆ ನನಗೇನು ಹೊಟ್ಟೆಕಿಚ್ಚು?

ನಿಲ್ಲು… ಬಾಗಿಲು ತೆಗೀಬೇಡ, ಹೊರಗೆ ಕೊರೆಯೋ ಚಳಿ. ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಹೋಗುವಂಥದ್ದು ಅವನಿಗೇನೂ ಆಗಿಲ್ಲ, ಕೇಳು ನನ್ನ ಮಾತು. ನಿನ್ನೆ ಬೆಳಿಗ್ಗೆ ಕೂಡ ದಂಡೆಗೆ ಹೋಗಿದ್ದಾನೆ. ದೋಣಿಯ ಮುರಿದ ಹುಟ್ಟು ಸಿಕ್ಕಿದೆ, ಮೊಣಕಾಲು ನೋವು ವಾಸಿಯಂತೆ, ಆರಾಮಾಗಿ…

…

ಏನು? ಯಾಕೆ ಹಾಗೆ ನೋಡ್ತೀಯ?

ಯಾರೋ ಹೇಳಿದರು. …ಇಲ್ಲ. ಯಾರೂ ಹೇಳಲಿಲ್ಲ. ಬೈದಾದರೂ ಬಿಡು, ಮಿರ್ತಾ. ಚಿಲಕದ ಮೇಲಿನ ಕೈ ತೆಗಿ.

…

ಅವನು ಒಂದು ದಿನವೂ ಬಿಟ್ಟಿಲ್ಲ. ರೀಡರಿನಲ್ಲಿ ನಿಯಮ ಬರೆಯೋ ಜಾಗ ಒಂದಿದೆ, ಜಾಹೀರಾತು ತಡೆಯೋಕೆ. ಹನ್ನೆರಡು ದಿನದ ಹಿಂದೆ ಅಲ್ಲಿ ನಾನೇ ಅವನ ಹೆಸರು ಹಾಕಿದೆ. ಈ ಹೆಸರಿನದು ಬಂದರೆ ಇವಳಿಗೆ ತೋರಿಸಬೇಡ ಅಂತ. ನೀನು ರೀಡರ್ ಬಿಟ್ಟು ಬೇರೆಲ್ಲೂ ನೋಡಲ್ಲ ಅಂತ ಗೊತ್ತಿತ್ತು; ನಾನು ಮಾತ್ರ ನೇರ ಅವನ ತಾಣಕ್ಕೇ ಹೋಗಿ ದಿನಾ ಓದ್ತಿದ್ದೆ, ಅಂಥದ್ದೇನಿದೆ ಅದರಲ್ಲಿ ಅಂತ. ಎರಡು ದಿನ ಹುಡುಕಿ ಮರೀತೀಯ ಅನ್ಕೊಂಡಿದ್ದೆ. ನೀನು ಹನ್ನೆರಡು ದಿನವೂ ಎದ್ದ ತಕ್ಷಣ ಪಟ್ಟಿ ತೆರೆದು, ಕೊನೆಯವರೆಗೆ ಇಳಿದು, ಮತ್ತೆ ಮೇಲೆ ಬಂದು, ಬೆರಳು ಅಲ್ಲೇ ಇಟ್ಟು ಕಾಯ್ತಿದ್ದೆ. ನಾನು ಎದುರಿಗೆ ಕೂತು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಹಚ್ಚಿ ನಿನ್ನ ತಟ್ಟೆಗೆ ಇಡ್ತಿದ್ದೆ.