ಕೊಡಲಿ ಎತ್ತಿದ ಮೇಲೆ

ಸಿಡಿಲಿನ ಅಬ್ಬರಕ್ಕೆ ಕರೆಂಟು ಹೋಗಿ ಮಧ್ಯಾಹ್ನದ ಆಟ ಶುರುವಾಗುವ ಮೊದಲೇ ನಿಂತಿತ್ತು. ಮಳೆಯಲ್ಲಿ ಮನೆಗೂ ಹೋಗಲಾರದ ಏಳೆಂಟು ಪ್ರೇಕ್ಷಕರು ಚಿತ್ರಮಂದಿರದ ಮೆಟ್ಟಿಲ ಮೇಲೆ ಕೂತು, ಮರೆಯಲಾಗದ ಸಿನಿಮಾ ಯಾವುದು ಅಂತ ಹರಟೆ ಹಚ್ಚಿದ್ದರು. ಟಿಕೆಟ್ ಕೊಡುವವಳೂ ಕಿಂಡಿ ಮುಚ್ಚಿ ಬಂದು ಸೇರಿಕೊಂಡಳು. ಅವಳು ಯೋಚಿಸಬೇಕಾಗಿಯೇ ಇರಲಿಲ್ಲ. ಮತ್ತೆ ತೆರೆಗೆ ಬಂದಿರುವ ಇದೇ ಹಳೆಯ ಚಿತ್ರ! ತಮ್ಮನೇ ಅಣ್ಣನ ಮೇಲೆ ಕೊಡಲಿ ಎತ್ತಿದಾಗ, ಸಾಯುವವನು ಒಮ್ಮೆ ತಲೆಯೆತ್ತಿ ನೋಡುತ್ತಾನೆ. ಆ ನೋಟ ಕಂಡಾಗಲೆಲ್ಲ ಅವಳಿಗೆ, ತನ್ನ ಮೂರನೇ ವಯಸ್ಸಿನಲ್ಲಿ ತೀರಿಕೊಂಡ ಅಪ್ಪನ ನೆನಪಾಗಿ ಅಳು ಉಕ್ಕುತ್ತಿತ್ತು.

"ಸಿನಿಮಾದಲ್ಲಿ ಅವನು ತಲೆ ಎತ್ತೋದೇ ಇಲ್ವಲ್ಲಮ್ಮ," ಅಂದರು ಕಂಬಕ್ಕೊರಗಿದ್ದ ಅವಳ ಚಿಕ್ಕಪ್ಪ. ಆಯುಷ್ಯವನ್ನೆಲ್ಲ ಇಲ್ಲೇ ಆಪರೇಟರ್ ಆಗಿ, ಸಿನಿಮಾ ಓಡಿಸುತ್ತ ಕಳೆದವರು.

"ಮುನ್ನೂರು ಸಲ ಓಡಿಸಿದೀನಿ ಕಣಮ್ಮ. ಅವನು ಬೋರಲು ಬಿದ್ದಿರ್ತಾನೆ, ಕೊಡಲಿ ಇಳಿಯುತ್ತೆ, ಅಷ್ಟೇ. ಹಾಗಾದ್ರೆ ನೀನು ನೋಡಿದ್ದು ಯಾರನ್ನ?... ಎಲ್ರೂ ಹತ್ರ ಬನ್ನಿ, ಹೇಳ್ತೀನಿ. ಆಗ ಸಿನಿಮಾ ಓಡಿಸೋ ಕ್ಯಾಬಿನ್ನಲ್ಲಿ ಎರಡು ಮೆಷಿನ್ನು. ಒಂದು ನಿಮ್ಮಪ್ಪಂದು, ಒಂದು ನಂದು. ಒಂದರ ರೀಲು ಮುಗಿಯೋ ಹೊತ್ತಿಗೆ ಪರದೆ ಮೂಲೇಲಿ ಚುಕ್ಕಿ ಮಿಂಚುತ್ತೆ, ತಕ್ಷಣ ಇನ್ನೊಂದನ್ನ ಶುರು ಮಾಡ್ಬೇಕು. ಕೊಡಲಿ ಎತ್ತೋದು ಅವನ ರೀಲಲ್ಲಿ, ಏಟು ಬೀಳೋದು ನನ್ನ ರೀಲಲ್ಲಿ. ನಾನು ಚುಕ್ಕಿ ಗಮನಿಸಲಿಲ್ಲ ಅಂತ ಒಂದಿನ ಅಣ್ಣ ಎಲ್ಲರೆದುರು ಕೆನ್ನೆಗೆ ಬಾರಿಸಿಬಿಟ್ಟ. ಮಾರನೇ ದಿನ ಚುಕ್ಕಿ ಬಂತು... ನಾನು ಕೈಕಟ್ಕೊಂಡು ನಿಂತೆ. ಅವನ ಮರ್ಯಾದೆ ಹೋಗ್ಲಿ ಅಂತ. ಅಷ್ಟೇ ಕಣಮ್ಮ, ಅಷ್ಟೇ! ಪರದೆ ಬೆಳ್ಳಗಾಯ್ತು. ರಕ್ತ ನೋಡೋಕೆ ತುದಿಗಾಲಲ್ಲಿದ್ದ ಜನ ಸುಮ್ನಿರ್ತಾರಾ? ಕುರ್ಚಿ ಮುರಿದು, ಅದರ ಕಾಲುಗಳನ್ನ ಹಿಡ್ಕೊಂಡು ಕ್ಯಾಬಿನ್ನಿಗೆ ನುಗ್ಗಿದ್ರು. ನಾನು ರೀಲು ಸುತ್ತೋ ಕೋಣೆಗೆ ಓಡಿ ಚಿಲಕ ಹಾಕ್ಕೊಂಡೆ. 'ತಮ್ಮಾ, ತೆಗೆಯೋ' ಅಂತ ಅಣ್ಣ ಬಾಗಿಲು ಬಡಿದ. ತೆಗೀಲಿಲ್ಲ... ಮೊದಲು ಮೂಳೆ ಮುರಿದ ಸದ್ದು ಕೇಳ್ತು. ಆಮೇಲೆ ಯಾರೋ ರೀಲು ತುಂಬಿದ ತಗಡಿನ ಡಬ್ಬಿ ಎತ್ತಿ ಅವನ ತಲೆ ಮೇಲೆ ಹಾಕಿದ್ರು, ಒಂದು ಸಲ ಅಲ್ಲ. ಬಾಗಿಲ ಸಂದಿಯಿಂದ ರಕ್ತ ಹರಿದುಬಂದು ನನ್ನ ಪಾದ ಮುಟ್ತು. ಬೆಚ್ಚಗಿತ್ತು."

ಅವಳು ಚಿಕ್ಕಪ್ಪನತ್ತ ತಿರುಗಿದಳು. "ನೂಕುನುಗ್ಗಲಲ್ಲಿ ಅಪ್ಪ ಮೆಟ್ಟಿಲಿಂದ ಬಿದ್ದ ಅಂದಿದ್ರಲ್ಲ ಚಿಕ್ಕಪ್ಪ?"

"ಅಂದಿದ್ದೆ. ಪೊಲೀಸರಿಗೂ ಹಾಗೇ ಅಂದಿದ್ದೆ. ನಿನ್ನ ಸಾಕ್ತಾ ಸಾಕ್ತಾ ನಲವತ್ತು ವರ್ಷ ನಾಲಿಗೆ ಕಚ್ಕೊಂಡಿದ್ದೆ... ಅವನು ಸತ್ತ ಮುಂದಿನ ವಾರ ಕೇಳ್ಬೇಕಿತ್ತು, ಅವನನ್ನ ಹೊಡೆದ ಜನಾನೇ ಮತ್ತೆ ಬಂದು ನೋಡಿ, 'ಏನು ನಟನೆ ರೀ, ಆ ನೋಟ ಮರೆಯೋಕಾಗಲ್ಲ' ಅಂತ ಹೊಗಳಿದ್ದೇ ಹೊಗಳಿದ್ದು! ಅಲ್ಲೀವರೆಗೂ ಆ ಸಿನಿಮಾದಲ್ಲಿ ಆ ನೋಟಾನೇ ಇರಲಿಲ್ಲ ಕಣ್ರಪ್ಪ."

ತಲೆಯ ಮೇಲಿನ ದೀಪ ಹತ್ತಿತು, ಆಟ ಶುರುವಾಗುವ ಗಂಟೆ ಮೊಳಗಿತು. ಯಾರೂ ಏಳಲಿಲ್ಲ. ಅವಳೊಬ್ಬಳೇ ಎದ್ದು, ಚಿಕ್ಕಪ್ಪನ ಮುಖ ನೋಡದೆ ಒಳಗಿನ ಬಾಗಿಲಿನತ್ತ ನಡೆದಳು.

"ಹೋಗು, ನಿಮ್ಮಪ್ಪನ್ನ ನೋಡು," ಅಂದರು ಚಿಕ್ಕಪ್ಪ. "ಈಗ ರೀಲೂ ಇಲ್ಲ, ಚುಕ್ಕೀನೂ ಇಲ್ಲ, ಮೇಲಿರೋದು ಒಂದು ಕಂಪ್ಯೂಟರು. ಆದ್ರೂ ಕೊಡಲಿ ಎತ್ತಿದ ಮೇಲೆ ಪರದೆ ಬೆಳ್ಳಗಾಗುತ್ತೆ, ನಿನ್ನೆ ಕೂಡ ಆಯ್ತು. ಆಗ ಅವನು ತಲೆ ಎತ್ತಿ ನೋಡೋದು ನಿಮ್ಮನ್ನಲ್ಲ, ಹಿಂದಿರೋ ಕ್ಯಾಬಿನ್ನನ್ನ... ನನ್ನ ಹುಡುಕ್ತಾ ಇದಾನೆ. ಇವತ್ತು ತಲೆ ಎತ್ತಿದಾಗ ಹೇಳಿಬಿಡು ಮಗಳೇ, ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದೀನಿ, ಚಿಲಕ ಹಾಕ್ಕೊಂಡಿಲ್ಲ ಅಂತ."