ದಾಸವಾಳದಾಗಿನ ಗೂಡು

ಶುಕ್ರವಾರ ಮುಂಜಾನೆ ಏಳೂವರಿಗೆ ಆಗಿದ್ದು. ಹೇಳೀನಲ್ಲ ಆಯಿ, ಕಾಗಿ ಬಂತು, ಬುಲ್‌ಬುಲ್ ಮರಿ ಒಯ್ತು. ಮೂರಕ್ಕ ಮೂರೂ. ಮುಗೀತು. ಈಗರೆ ತಾಟಿನ ಮುಂದ ಕುಂಡ್ರು... ಹಂಗ್ಯಾಕ ನೋಡ್ತಿ?

ಹನ್ನೆರಡಾತು. ದಿನಕ್ಕ ಒಂದ ಹೊತ್ತಿನ ಊಟ ನಿಂದು. ಶುಕ್ರವಾರ ಎರಡ ತುತ್ತು ಉಂಡಿದ್ದಿ. ಹಿತ್ತಲದಾಗ ತಾಯಿಹಕ್ಕಿ ಮಧ್ಯಾಹ್ನದ ತನಕಾ ಚೀರತಿತ್ತು, ಬಾಜೂಮನಿ ಕಸ್ತೂರೆವ್ವ ಬಂದು 'ಮರಿ ಹೋದ್ವು' ಅಂದ್ಲು, ಅಂತರಾಯ ಆತು ಅಂತ ಎದ್ದು ಕೈ ತೊಳದಿ. ವ್ರತದವರು ಸಾವಿನ ಸುದ್ದಿ ಕೇಳಿ ಉಣ್ಣೂದಿಲ್ಲ. ಒಪ್ಪಿದೆ. ನಿನ್ನೆ ಯಾಕ? ನಿನ್ನೆ ಯಾವ ಹಕ್ಕಿನೂ ಚೀರಲಿಲ್ಲ! ಇವತ್ತೂ ಇಲ್ಲ. ಬರೇ ನೀರಿನ ಮ್ಯಾಲ ಎಷ್ಟ ದಿನ ಇರ್ತಿ? ಎಪ್ಪತ್ತೆಂಟ ವರ್ಷ ಆಯಿ!

ಮಾತಾಡು. ಬೈಯಿ ಬೇಕಾದ್ರ. 'ಬ್ರಾಹ್ಮಿ, ಬಿಎಸ್ಸಿ ಕಲ್ತು ಗುಬ್ಬಿ ಕಾಯಾಕ ಕುಂತೀಯಲ್ಲಬೇ' ಅಂತ ನಗತಿದ್ದಿ. ನಕ್ಕು ಮತ್ತ ನೀನ ಹಕ್ಕಿಗೆ ನೀರ ಇಡತಿದ್ದಿ. ಸೂರಕ್ಕಿ ಫೋಟೋ ಹಾಲಿನ ಲಗಮವ್ವಗ ತೋರಿಸಿ 'ನನ್ನ ಮೊಮ್ಮಗಳು ತಗದದ್ದು' ಅಂದಿದ್ದಿ... ಅನ್ನು ಏನರೆ!

ಕಾಗಿದೇನು ತಪ್ಪಿಲ್ಲ. ಅದಕ್ಕೂ ಮರಿ ಅದಾವ, ಹೊಟ್ಟಿ ಐತಿ. ಪುಸ್ತಕದಾಗ... ಯಾಕ ತಲಿ ಅಲ್ಲಾಡಿಸ್ತಿ?

ಸೆರಗಿನ ಗಂಟಿನ್ಯಾಗ ಏನದು? ದಾರ... ಎಲ್ಲಿ ಸಿಕ್ತು?

ಕಟ್ಟೀನಿ. ಹೌದು, ನಾನ ಕಟ್ಟೀನಿ. ದಾಸವಾಳದ ಎಲಿ ಅಡ್ಡ ಬರತಿದ್ವು, ಫೋಟೋಕ್ಕ ಗೂಡಿನ ಮ್ಯಾಲ ಬೆಳಕ ಬೀಳತಿರಲಿಲ್ಲ. ಎರಡ ಟೊಂಗಿ ಹಿಂದಕ್ಕ ಜಗ್ಗಿ ಕಟ್ಟಿದೆ. ಹತ್ತ ನಿಮಿಷಕ್ಕಂತ! ಮುರದಿಲ್ಲ, ಕಡದಿಲ್ಲ. ಬಿಚ್ಚೂದು ಮರತೆ. ಗುರುವಾರ ಸಂಜಿಂದ ಗೂಡು ಹಂಗ ಬಯಲಿಗೆ ಬಿದ್ದಿತ್ತು, ಮುಂಜಾನೆ ಕಾಗಿ ಕಣ್ಣಿಗೆ ಬಿತ್ತು. ನಾ ಜಳಕಕ್ಕ ಹೋಗಿದ್ದೆ, ಹೊರಗ ಬರೂದ್ರಾಗ...

ತಪ್ಪಾತು. ಸಾಕಾ? ಬಸದಿಗೆ ಬಾ ಅನ್ನು, ಬರ್ತೀನಿ. ಪ್ರಾಯಶ್ಚಿತ್ತ ಏನ್ ಹೇಳ್ತಿ, ಮಾಡ್ತೀನಿ. ಈಗ ಒಂದ ತುತ್ತು... ಒಂದ! ರೊಟ್ಟಿ ಬ್ಯಾಡಂದ್ರ ಗಂಜಿ ಕುಡಿ. ಬಾಯಿ ತೆಗಿ ಆಯಿ, ಕಾಲಿಗೆ ಬೀಳ್ತೀನಿ.

ಬಚ್ಚಲದ ಕಡೆ ಯಾಕ ನೋಡ್ತಿ? ಎಲ್ಲಾ ಹೇಳಿದೆ. ಜಳಕ ಮಾಡಾಕತ್ತಿದ್ದೆ ಅಂದ್ನಲ್ಲ, ಏಳೂವರಿಗೆ ನಾ ಬಚ್ಚಲದಾಗ...

ನೀ ಇದ್ದಿ.

ಬಚ್ಚಲದಾಗ ನೀ ಇದ್ದಿ. ದಿನಾ ನಿನ್ನ ಜಳಕದ ಹೊತ್ತದು.

...ಕಿಡಕ್ಯಾಗ ಇದ್ದೆ ಆಯಿ. ಮೂರ ಮಾರು ದೂರ. ಹುಶ್ ಅಂದಿದ್ರ ಹಾರಿ ಹೋಗತಿತ್ತು. ಒಂದ ಒಯ್ತು, ಮತ್ತ ಬಂತು. ಮೂರ ಸರ್ತಿ ಬಂತು. ನಡುವ ದಾರ ಬಿಚ್ಚಿ ಬರಬಹುದಿತ್ತು... ಬರಲಿಲ್ಲ. ಬೆಳಕು ಚಂದ ಇತ್ತು. ಕ್ಯಾಮೆರಾ ಕಣ್ಣಿಗೆ ಹಚ್ಚಿಕೊಂಡು ಕಾಯ್ಕೊಂತ ನಿಂತೆ.

ಕೈ ಚಾಚಬ್ಯಾಡ. ಆ ಫೋಟೋ ತೋರಿಸಾಂಗಿಲ್ಲ ನಾ... ಎಷ್ಟು ತಗದಿ ಅಂತನ?

ಇಪ್ಪತ್ಮೂರು.